ಲೂರ್ದುಮೇರಿ ಮಡಿಸಿದ ಕೊನೆಯ ಫಾರಂ

ಲೂರ್ದುಮೇರಿಯ ಬಗ್ಗೆ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಆದರೂ ಬರೆಯುತ್ತೇನೆ, ನಾನು ಬರೆಯದಿದ್ದರೆ ಅವಳ ಬಗ್ಗೆ ಯಾರೂ ಬರೆಯುವುದಿಲ್ಲ.

ಸಾವಿರದ ಒಂಬೈನೂರ ಐವತ್ತಾರರಲ್ಲಿ ನಾನು ಶಿವರಾಂಪೇಟೆಯ ಒಂದು ಗಲ್ಲಿಯಲ್ಲಿ, ಶಿವಲಿಂಗಯ್ಯನವರ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಕಡಕೊಳದ ಬೇಸಾಯದ ಮನೆಯಿಂದ ಬಂದು ಬಿ.ಎ. ಮಾಡಿದ್ದೆ. ಕನ್ನಡ ಸಾಹಿತ್ಯವೆಲ್ಲ ನನ್ನ ಕೆಂಪು ಮಸಿಯಿಂದಲೇ ಉಳಿದಿದೆ ಎಂಬ ಜಂಬ ಬೇರೆ. ಲೂರ್ದುಮೇರಿ ಬೈಂಡಿಂಗ್ ಕೋಣೆಯಲ್ಲಿ ಅಚ್ಚಾದ ಹಾಳೆಗಳನ್ನು ಮಡಿಸಿ ಹೊಲಿಯುತ್ತಿದ್ದಳು. ಇಪ್ಪತ್ತಾರು ವಯಸ್ಸು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ಓದಿನ ಹುಚ್ಚು ಬಿಟ್ಟಿರಲಿಲ್ಲ. ಪಂಚಾಂಗವಾಗಲಿ, ಸಹಕಾರ ಸಂಘದ ವರದಿಯಾಗಲಿ, ಮಡಿಸುತ್ತಲೇ ಓದಿ ಮುಗಿಸುತ್ತಿದ್ದಳು.

ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ ಅಂತೋಣಿಸ್ವಾಮಿಯನ್ನು ಅವಳು ಏಳು ವರ್ಷದಿಂದ ಪ್ರೀತಿಸುತ್ತಿದ್ದಳು. ಅವರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಗಂಡು ಹೆಣ್ಣಿನ ಹೆಸರು ಕೂಗಿಸಬೇಕು. ಈಸ್ಟರ್ ಕಳೆಯಲಿ, ಕೂಗಿಸೋಣ ಎನ್ನುತ್ತಿದ್ದ. ಏಳು ಈಸ್ಟರ್ ಕಳೆದಿದ್ದವು. ಕುಡಿದರೆ ಹೊಡೆಯುತ್ತಿದ್ದ, ಅಮಲು ಇಳಿದ ಮೇಲೆ ಅವಳ ಮುಂದೆ ಕೂತು ಅಳುತ್ತಿದ್ದ. ಅವನ ಅಳುವಿಗೆ ಕರಗಿ ಅವಳು ಮತ್ತೆ ಹೋಗುತ್ತಿದ್ದಳು. ಆ ವರ್ಷ ನವೆಂಬರಿನಲ್ಲಿ ಎಡಗಿವಿಯಲ್ಲಿ ರಕ್ತ ಬರುವ ಹಾಗೆ ಹೊಡೆದ. ಇನ್ನು ಸಾಕು ಎಂದು ಅಕ್ಕ ಪುಷ್ಪಮೇರಿಯ ಮನೆಗೆ ಬಂದುಬಿಟ್ಟಳು. ಅವನು ದಿನಾ ಸಂಜೆ ಪ್ರೆಸ್ಸಿನ ಗೇಟಿನಲ್ಲಿ ಬಂದು ನಿಲ್ಲತೊಡಗಿದ. ಅವಳು ಹಿಂದಿನ ಬಾಗಿಲಿನಿಂದ ಹೋಗತೊಡಗಿದಳು.

ಅದೇ ಹೊತ್ತಿಗೆ ನಮ್ಮಲ್ಲಿ ಒಂದು ಕಾದಂಬರಿ ಅಚ್ಚಿಗೆ ಬಂತು. ಬರೆದವರು ನಿವೃತ್ತ ಶಿರಸ್ತೇದಾರರು, ದೊಡ್ಡ ಪೇಟದ ದೊಡ್ಡ ಮನುಷ್ಯರು. ನಮ್ಮಲ್ಲಿದ್ದ ಸೀಸದ ಅಚ್ಚುಮೊಳೆ ಒಂದು ಸಲಕ್ಕೆ ಒಂದು ಫಾರಮ್ಮಿಗೆ, ಅಂದರೆ ಹದಿನಾರು ಪುಟಕ್ಕೆ ಮಾತ್ರ ಸಾಲುತ್ತಿತ್ತು. ಅದನ್ನು ಅಚ್ಚು ಹಾಕಿ, ಮೊಳೆ ಬಿಚ್ಚಿ ಗೂಡುಗಳಿಗೆ ತುಂಬಿದ ಮೇಲೆಯೇ ಮುಂದಿನದು. ಹೀಗೆ ಹದಿನಾಲ್ಕು ಫಾರಮ್ಮಿನ ಕಾದಂಬರಿ ಐದು ತಿಂಗಳು ಎಳೆಯಿತು.

ಕಥೆಯಲ್ಲಿ ಹೇಮಲತೆ ಎಂಬವಳು ಒಬ್ಬ ಸಂಗೀತಗಾರನಿಗೆ ಮನಸ್ಸು ಕೊಟ್ಟು, ಬೈಸಿಕೊಂಡು, ಹೊಡೆಸಿಕೊಂಡು, ಅವನು ಕರೆದಾಗಲೆಲ್ಲ ಹೋಗುತ್ತಾಳೆ. ಒಂಬತ್ತನೇ ಫಾರಮ್ಮಿನಲ್ಲಿ ಮಾತ್ರ ಟ್ರಂಕು ತೆಗೆದುಕೊಂಡು ರೈಲು ಹತ್ತುತ್ತಾಳೆ. ಅದನ್ನು ಮಡಿಸಿದ ದಿನ ಲೂರ್ದುಮೇರಿ ನನ್ನ ಮೇಜಿನ ಹತ್ತಿರ ಬಂದಳು.

"ಅಣ್ಣ, ಶಿರಸ್ತೇದಾರ್ರು ಪ್ರೂಫ್ ನೋಡೋಕೆ ಬರ್ತಾರಲ್ಲ, ನಂದೊಂದು ಮಾತು ಹೇಳ್ಬುಡಿ. ಹೇಮಲತೆ ವಾಪಸ್ ಹೋಗೋದು ಬ್ಯಾಡ. ಬುಟ್ಟು ಬಂದ್ಮೇಲೂ ಬದುಕಿದ್ಲು ಅಂತ ಬರೀಲಿ. ಹೆಂಗೆ ಬದುಕಿದ್ಲು ಅನ್ನೋದ್ನೂ ಬರೀಲಿ. ನಂಗೆ ಬೇಕಾಗದೆ."

ಹಾಳೆಗಳು ಬಂದಂತೆ ಓದಿದವಳಿಗೆ, ಕಥೆಯೂ ಹಾಗೇ ಫಾರಂ ಫಾರಮ್ಮಾಗಿ ಬರೆದು ಬರುತ್ತಿದೆ ಎನಿಸಿತ್ತು. ಮೊಳೆ ಜೋಡಿಸದ ಪುಟಗಳು ಇನ್ನೂ ಯಾರ ಕೈಯಲ್ಲೂ ತೀರ್ಮಾನವಾಗಿಲ್ಲ ಎಂದುಕೊಂಡಿದ್ದಳು. ಪೂರ್ತಿ ಹಸ್ತಪ್ರತಿ ನನ್ನ ಡ್ರಾಯರಿನಲ್ಲೇ ಇತ್ತು. ಕೊನೆ ಏನೆಂದು ನನಗೆ ಗೊತ್ತಿತ್ತು. ಅದನ್ನು ಓದಿ ಕಣ್ಣೊರೆಸಿಕೊಂಡು, ಎಂಥ ಉದಾತ್ತ ಅಂತ್ಯ ಎಂದು ಶಿರಸ್ತೇದಾರರನ್ನು ಹೊಗಳಿದ್ದವನೂ ನಾನೇ. ಡ್ರಾಯರು ಎಳೆದು ತೋರಿಸಬಹುದಿತ್ತು. ಆಗಲಮ್ಮ, ಹೇಳ್ತೀನಿ ಎಂದು ಕಳಿಸಿದೆ. ಮಧ್ಯಾಹ್ನ ಕಂಪೋಸಿಟರ್ ಸಿದ್ದಮಲ್ಲಪ್ಪನ ಜೊತೆ ಟೀ ಕುಡಿಯುತ್ತ ಅದನ್ನೇ ಹೇಳಿಕೊಂಡು ನಕ್ಕೆ.

ಅವಳು ವಾರಕ್ಕೊಮ್ಮೆ ಕೇಳುತ್ತಿದ್ದಳು. ಹೇಳಿದ್ದೀನಿ, ಯೋಚನೆ ಮಾಡ್ತಿದ್ದಾರೆ ಎನ್ನುತ್ತಿದ್ದೆ. ಆ ಮಾತು ಹಿಡಿದುಕೊಂಡೇ ಅವಳು ಆ ತಿಂಗಳುಗಳನ್ನು ಕಳೆದಳು. ಅಂತೋಣಿಸ್ವಾಮಿ ಕಾಗದ ಕಳಿಸಿದರೆ ಒಡೆಯದೆ ವಾಪಸ್ ಕಳಿಸಿದಳು. ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು, ಬೈಂಡಿಂಗ್ ಕೋಣೆಯಲ್ಲಿ ನಗು ಕೇಳುತ್ತಿತ್ತು. ತಂಗಿ ರಾತ್ರಿ ಹೊಟ್ಟೆ ತುಂಬಾ ಉಣ್ಣುತ್ತಿದ್ದಾಳೆ ಎಂದು, ಒಮ್ಮೆ ಪ್ರೆಸ್ಸಿಗೆ ಬಂದಿದ್ದ ಪುಷ್ಪಮೇರಿ ನನ್ನ ಹತ್ತಿರ ಹೇಳಿ ಸಂತೋಷಪಟ್ಟಳು.

ಈಸ್ಟರಿಗೆ ಹತ್ತು ದಿನವಿದ್ದಾಗ ಕೊನೆಯ ಫಾರಂ ಅಚ್ಚಾಯಿತು. ಹೇಮಲತೆ ಹಿಂದಿರುಗುತ್ತಾಳೆ, ಅವನ ಕಾಲು ಹಿಡಿಯುತ್ತಾಳೆ, ಆ ಕಾಲ ಮೇಲೇ ತಲೆಯಿಟ್ಟು ನಗುನಗುತ್ತ ಪ್ರಾಣ ಬಿಡುತ್ತಾಳೆ. ಲೂರ್ದುಮೇರಿ ಆ ಹಾಳೆಯನ್ನು ಮಡಿಸದೆ ಹಾಗೇ ಹಿಡಿದುಕೊಂಡು ಬಂದಳು.

"ಹೊಡೆಸ್ಕೊಂಡೋಳು ಹಿಂಗೆ ನಗಲ್ಲ ಕಣಣ್ಣ. ಬರೆದೋರ್ಗೆ ಗೊತ್ತಿಲ್ಲ," ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ನನ್ ಮಾತು ಹೇಳಿದ್ರಲ್ಲ, ಏನಂದ್ರು?"

ಆಗಲಾದರೂ ನಿಜ ಹೇಳಬಹುದಿತ್ತು. ಮಡಿಸುವ ಕೆಲಸದವಳ ಮುಂದೆ ಸಣ್ಣವನಾಗಲು ನನಗೆ ಮನಸ್ಸು ಬರಲಿಲ್ಲ.

"ಹೆಣ್ಣಾದೋಳಿಗೆ ಇದೇ ಸರಿ ಅಂದ್ರು ಕಣಮ್ಮ," ಎಂದೆ.

ಅವಳು ಹಾಳೆ ಹಿಡಿದುಕೊಂಡು ಬೈಂಡಿಂಗ್ ಕೋಣೆಗೆ ವಾಪಸ್ ಹೋದಳು. ಎರಡು ದಿನ ಕೂತು ಸಾವಿರ ಪ್ರತಿಯ ಹಾಳೆಗಳನ್ನೂ ಮೂಲೆಗೆ ಮೂಲೆ ಕೂಡಿಸಿ ಮಡಿಸಿದಳು. ಶನಿವಾರ ಸಂಜೆ ಮುಂದಿನ ಗೇಟಿನಿಂದ ಹೊರಗೆ ಹೋದಳು. ಅಂತೋಣಿಸ್ವಾಮಿ ಅಲ್ಲೇ ನಿಂತಿದ್ದ. ಸೋಮವಾರ ಅವಳು ಕೆಲಸಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ. ಆ ಈಸ್ಟರ್ ಕಳೆದ ಮೇಲೂ ಚರ್ಚಿನಲ್ಲಿ ಅವರ ಹೆಸರು ಕೂಗಲಿಲ್ಲ ಎಂದು ಪುಷ್ಪಮೇರಿಯಿಂದ ತಿಳಿಯಿತು. ತಂಗಿಯ ಬಗ್ಗೆ ಇನ್ನೇನೂ ಕೇಳಬೇಡಿ ಎಂದಳು.

ಏಳು ವರ್ಷದ ಮೇಲೆ ದೇವರಾಜ ಮಾರ್ಕೆಟ್ಟಿನಲ್ಲಿ ಸಿಕ್ಕಳು. ಗುರುತು ಹಿಡಿದದ್ದು ಅವಳೇ. ಮುಂದಿನ ಎರಡು ಹಲ್ಲು ಇರಲಿಲ್ಲ, ಮಾತಾಡುವಾಗ ಬಲಗಿವಿ ನನ್ನ ಕಡೆ ತಿರುಗಿಸುತ್ತಿದ್ದಳು. ಆ ಕಾದಂಬರಿ ಆಗ ಮೂರನೇ ಮುದ್ರಣ ಕಂಡಿತ್ತು. ನಾನು ತಡೆಯಲಾರದೆ ಬಾಳೆಎಲೆ ಅಂಗಡಿಯ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಶಿರಸ್ತೇದಾರರಿಗೆ ನಾನು ಏನೂ ಹೇಳಿರಲೇ ಇಲ್ಲ, ಅವರು ಆ ಮಾತು ಅಂದಿರಲೂ ಇಲ್ಲ, ನಾನೇ ಕಟ್ಟಿ ಹೇಳಿದ್ದು ಎಂದೆ.

ಲೂರ್ದುಮೇರಿ ಕೈಯ ಚೀಲವನ್ನು ನೆಲಕ್ಕಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಷ್ಟು ಓದಿದೋರು ನನ್ ಮಾತು ಕೇಳಿ, ಯೋಚ್ನೆ ಮಾಡಿ, ಹೋಗು ಅಂದವ್ರೆ ಅಂದ್ಕೊಂಡೆ. ಅದಕ್ಕೇ ಹೋದೆ ಕಣಣ್ಣ," ಎಂದಳು.

ತಡವಾದರೆ ಅವನು ಸುಮ್ಮನಿರುವುದಿಲ್ಲ ಎಂದು ಚೀಲ ಎತ್ತಿಕೊಂಡು ಹೊರಟಳು.