ರೊಟ್ಟಿ ಮುಚ್ಚುವ ಬಟ್ಟೆ

ಹೋದ ವಾರ ಅಥಣಿ ಸಂತೆಯಲ್ಲಿ ಒಂದು ಲಟ್ಟಣಿಗೆ ಕೊಂಡೆ. ಹೊಸದು, ಇನ್ನೂ ಕೈಗೆ ಒಗ್ಗಿಲ್ಲ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ನೀವು ಕೇಳಬಹುದು. ನಮ್ಮ ಕಡೆಯವರಾಗಿದ್ದರೆ ಕೇಳುತ್ತಿರಲಿಲ್ಲ. ನಲವತ್ತು ವರ್ಷ ಅಂಗೈಯಲ್ಲಿ ಜೋಳದ ರೊಟ್ಟಿ ಬಡಿದವಳು ಈ ವಯಸ್ಸಿನಲ್ಲಿ ಲಟ್ಟಣಿಗೆ ಹಿಡಿದಳೆಂದರೆ ಒಂದೋ ಅವಳ ಕೈ ಬಿದ್ದುಹೋಗಿರಬೇಕು, ಇಲ್ಲವೇ ಬುದ್ಧಿ ಕೆಟ್ಟಿರಬೇಕು.

ಅಥಣಿಯ ಒಂದು ಓಣಿಯಲ್ಲಿ ರೊಟ್ಟಿ ಮಾಡಿ ಮಾರಿ ಬದುಕುವವಳು ನಾನು. ಎರಡು ಖಾನಾವಳಿಗೆ ನನ್ನ ರೊಟ್ಟಿಯೇ ಹೋಗಬೇಕು. ಮೊನ್ನೆ ಅದರಲ್ಲೊಂದರ ಮಾಲೀಕ ಬಂದು ಬಾಗಿಲಲ್ಲಿ ನಿಂತ. "ಏನ್ರಿ ಬಾಯಾರ, ರೊಟ್ಟಿ ಹೋಗಿ ಚಪಾತಿ ಆಗೇತಲ್ರಿ! ಗಿರಾಕಿ ಕೇಳಾಕತ್ತಾರ, ಬಾಯಾರು ಊರಾಗ ಇಲ್ಲೇನು ಅಂತ." ಕೈ ನೋಯುತ್ತದೆ ಎಂದೆ. ಸುಳ್ಳು. ನನ್ನ ಕೈಗೆ ಏನೂ ಆಗಿಲ್ಲ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ. ಮುಖ ಕಾಣದವರ ಮುಂದೆ ಮಾನ ಕಳೆದುಕೊಳ್ಳುವುದು ಸ್ವಲ್ಪ ಸುಲಭ.

ಇಪ್ಪತ್ತಾರು ತುಂಬುವ ಮೊದಲೇ ನನ್ನ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಹಬ್ಬದ ದಿನ ನೆಂಟರು ಬಂದರೆ ನಾನು ಹಿತ್ತಲಲ್ಲಿರಬೇಕು, ಅರಿಶಿನ ಕುಂಕುಮದ ತಟ್ಟೆ ನನ್ನನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಹೀಗಿರುವಾಗ ನಮ್ಮ ಭಾವ ನನ್ನನ್ನು ತೆಲಸಂಗದ ಆಚೆ ಒಂದು ಆಶ್ರಮಕ್ಕೆ ಕರೆದೊಯ್ದ. ಸುತ್ತ ಒಣ ಹೊಲ, ನಡುವೆ ಎತ್ತರದ ಗೋಡೆ, ಒಳಗೆ ಬಿಳಿ ಗಡ್ಡದ ಒಬ್ಬ ಗಂಡಸು. ಎಲ್ಲರೂ ಅವನನ್ನು ಮಹಾರಾಜರು ಎನ್ನುತ್ತಿದ್ದರು. ನನ್ನ ಬಾಯಿಗೂ ಅದೇ ರೂಢಿ, ಇಲ್ಲೂ ಹಾಗೇ ಬಂದರೆ ಕ್ಷಮಿಸಿ.

ಮಹಾರಾಜರ ಮತದಲ್ಲಿ ಗುರುವಿಗೆ ಐವರು ಹೆಂಡಿರು. ಲೋಕ ಪಂಚಭೂತಗಳಿಂದ ಆಗಿದೆಯಂತೆ, ಗುರು ಲೋಕವನ್ನೇ ಹೊತ್ತವನಾದ್ದರಿಂದ ಐದನ್ನೂ ಕಟ್ಟಿಕೊಳ್ಳಬೇಕಂತೆ. ಭೂಮಿ, ಬೆಂಕಿ, ಗಾಳಿ ಆಗಲೇ ಬಂದಿದ್ದರು. ನಾನು ನೀರು. ಹೆಸರಿಗೆ ತಕ್ಕವಳೇ, ಇಳಿಜಾರು ಕಂಡ ಕಡೆ ಹರಿದೆ. ಬಲವಂತದಿಂದ ಎಳೆದೊಯ್ದರು ಎಂದು ಹೇಳಿದ್ದರೆ ನಿಮಗೆ ಕರುಣೆ ಬರುತ್ತಿತ್ತು. ಹಾಗಾಗಲಿಲ್ಲ. ಅಷ್ಟು ಜನರ ಎದುರು ಒಬ್ಬ ಗಂಡಸು ನನ್ನ ಬೋಳು ಹಣೆಗೆ ಕುಂಕುಮವಿಟ್ಟ, ಕೈತುಂಬ ಹಸಿರು ಬಳೆ ಇಡಿಸಿದ. ನನ್ನನ್ನು ಹಿತ್ತಲಿಗೆ ಅಟ್ಟುತ್ತಿದ್ದ ಅತ್ತೆಯೇ ಬಂದು ಕಾಲಿಗೆ ಬಿದ್ದಳು. ಆ ದಿನ ಎಷ್ಟು ಸಂತೋಷವಾಗಿತ್ತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ರೊಟ್ಟಿ ಚೆನ್ನಾಗಿ ಮಾಡುತ್ತಿದ್ದೆನಾದ್ದರಿಂದ ಅಡಿಗೆಮನೆ ನನ್ನ ಪಾಲಿಗೆ ಬಂತು. ರೊಟ್ಟಿಯ ವಿಷಯ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎಸರಿನ ನೀರು ಕುದಿಯಬೇಕು, ಹಿಟ್ಟನ್ನು ಕೈ ಸುಡುವಾಗಲೇ ನಾದಬೇಕು. ಹಲಗೆಯ ಮೇಲೆ ಬಡಿಯುವಾಗ ರೊಟ್ಟಿ ತಾನಾಗಿ ತಿರುಗಬೇಕೇ ಹೊರತು ನಾವು ತಿರುಗಿಸಬಾರದು. ಕೊನೆಗೆ ನಾನು ಅಂಚಿನಲ್ಲಿ ಮೂರು ಬೆರಳು ಒತ್ತಿ ಬಿಡುತ್ತೇನೆ. ಅದು ನನ್ನವ್ವನ ಅಭ್ಯಾಸ. ಅಂಗೈಯ ಪಟಪಟ ಸದ್ದಿನ ಜೊತೆ ಬಳೆಯ ಸದ್ದು ಸೇರಿತೆಂದರೆ, ನಮ್ಮ ಕಡೆ ದಾರಿಯಲ್ಲಿ ಹೋಗುವವನಿಗೂ ಹಸಿವಾಗುತ್ತದೆ.

ಇದು ಮಹಾರಾಜರಿಗೂ ಗೊತ್ತಿತ್ತು.

ಆಶ್ರಮದಲ್ಲಿ ತಪ್ಪು ಮಾಡಿದವರಿಗೆ ಶುದ್ಧಿ ಎಂಬುದೊಂದಿತ್ತು. ಅಡಿಗೆಮನೆಗೆ ಅಂಟಿದ ಒಳಕೋಣೆ, ಒಂದು ಚರ್ಮದ ಬಾರು, ಬೆನ್ನು. ಗಂಡಸರಿಗೆ ಶುದ್ಧಿ ಹೊರಗೇ ನಡೆಯುತ್ತಿತ್ತು. ಅಕ್ಕನನ್ನು ಕೇಳಿಕೊಂಡು ಬಂದ ಗಾಳಿಯ ತಮ್ಮನನ್ನು ಸೇವಕರು ಬೇವಿನ ಮರಕ್ಕೆ ಕಟ್ಟಿ ಕೈ ಮುರಿದು ಕಳಿಸಿದ್ದರು. ಹೆಂಗಸರದ್ದು ಮಾತ್ರ ಒಳಗೆ. ಒಳಕ್ಕೆ ಹೋಗುವ ಮುಂಚೆ ಮಹಾರಾಜರು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ರೊಟ್ಟಿ ನಡೀಲಿ" ಎನ್ನುತ್ತಿದ್ದರು. ಉಳಿದ ನಾವು ಹಲಗೆಗೆ ಕೂರುತ್ತಿದ್ದೆವು. ಅಂಗಳದಲ್ಲಿ ಕೂತ ಭಕ್ತರಿಗೆ ಕೇಳುತ್ತಿದ್ದದ್ದು ರೊಟ್ಟಿಯ ಸದ್ದು. ಅದರಲ್ಲಿ ಒಂದು ಸದ್ದಿಗೆ ಬಳೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಸರದಿ ಬಂದಾಗ ಉಳಿದವರು ನಮಗಾಗಿ ಬಡಿಯುತ್ತಿದ್ದರು. ಶುದ್ಧಿಯ ದಿನ ರೊಟ್ಟಿ ಹೆಚ್ಚಾಗಿ, ಭಕ್ತರಿಗೆ ಊರಿಗೂ ಕಟ್ಟಿಕೊಡುತ್ತಿದ್ದೆವು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು.

ಐದನೆಯವಳಾಗಿ, ಆಕಾಶವಾಗಿ ಬಂದವಳು ಕಸ್ತೂರಿ. ಕೃಷ್ಣೆಯ ದಂಡೆಯ ಜುಗೂಳದವಳು, ಇಪ್ಪತ್ತೆರಡರ ಹುಡುಗಿ, ಶಿಕ್ಷಕಿಯಾಗಲು ಓದಿದವಳು. ಅವಳಪ್ಪ ಅಣ್ಣಾಸಾಹೇಬ ಕಾಕಾ ಕಬ್ಬಿನ ಹೊಲವಿದ್ದ ಗಟ್ಟಿ ಕುಳ. ಕಾಯಿಲೆಯೊಂದು ವಾಸಿಯಾದದ್ದಕ್ಕೆ ಮಗಳನ್ನೇ ಗುರುವಿಗೆ ಒಪ್ಪಿಸಿದ್ದ. ಪ್ರತಿ ಹುಣ್ಣಿಮೆಗೆ ತಪ್ಪದೆ ಬರುತ್ತಿದ್ದ. ಊರಿಗೆ ಕಳಿಸಿರೆಂದು ಕೇಳಿದಾಗಲೆಲ್ಲ ಕಸ್ತೂರಿಗೆ ಶುದ್ಧಿಯಾಗುತ್ತಿತ್ತು. ಆದರೂ ಕೇಳುವುದನ್ನು ಅವಳು ಬಿಡಲಿಲ್ಲ.

ಒಂದು ಹುಣ್ಣಿಮೆಯ ಹಿಂದಿನ ದಿನ ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಕಸ್ತೂರಿ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ನಾಳೆ ಅಪ್ಪಾ ಬರ್ತಾನ. ಅಂವಾ ಅಂಗಳದಾಗ ಕುಂತಾಗ ನಾ ಊರಿಗಿ ಹೋಗ್ತೀನಿ ಅಂತ ಮತ್ತ ಕೇಳ್ತೀನಿ. ಕೇಳಿದ್ರ ಇವರು ಹೊಡ್ಯಾವ್ರ. ಆವಾಗ ನೀವು ಒಂದೀಟು ಕೈ ನಿಲ್ಲಸ್ರಿ. ನೀವು ನಿಲ್ಲಿಸಿದ್ರ ಉಳದಾವ್ರೂ ನಿಲ್ಲಸ್ತಾರ."

"ನಿಲ್ಲಿಸಿದ್ರ ಏನಾಕ್ಕೈತಿ?"

"ನಮ್ಮಪ್ಪಗ ಕೇಳ್ತೈತಿ. ನಾ ಹೇಳಿದ್ರ ನಂಬೂದುಲ್ಲ ಅಂವಾ. ಕಿವೀಲೆ ಕೇಳಿದ್ರ ನಂಬ್ತಾನ."

ಯೋಚಿಸಿ ನೋಡಿ. ತನ್ನ ಬೆನ್ನನ್ನೇ ಸಾಕ್ಷಿಗೆ ನಿಲ್ಲಿಸಲು ಹೊರಟಿದ್ದಳು ಆ ಹುಡುಗಿ. ನನ್ನಿಂದ ಬೇಕಿದ್ದದ್ದು ನಾನು ಏನೂ ಮಾಡದೆ ಇರುವುದು ಮಾತ್ರ. ಆಗಲಿ ಎಂದೆ. ಹಿಟ್ಟಿನ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಮರುದಿನ ಮಹಾರಾಜರು ಬಾಗಿಲಲ್ಲಿ ನಿಂತು "ರೊಟ್ಟಿ ನಡೀಲಿ" ಎಂದರು. ಒಳಗಿಂದ ಮೊದಲ ಏಟು ಕೇಳಿಸಿತು. ಭೂಮಿ, ಬೆಂಕಿ, ಗಾಳಿ ಮೂವರೂ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಕೈ ನಿಲ್ಲಲಿಲ್ಲ. ನಿಲ್ಲುವುದಿರಲಿ, ಇನ್ನೂ ಜೋರಾಗಿ ಬಡಿಯಿತು. ಹೆದರಿಕೆಯಿತ್ತು, ನಿಜ. ಆದರೆ ಬರೀ ಹೆದರಿಕೆ ಎಂದರೆ ನಿಮಗೂ ಸುಳ್ಳು ಹೇಳಿದಂತಾಗುತ್ತದೆ. ಆ ಮನೆ ಮುರಿದರೆ ನನ್ನ ಹಣೆಯ ಕುಂಕುಮವೂ ಹೋಗುತ್ತದೆ ಎಂದುಕೊಂಡೆ. ಇವತ್ತಿನ ಬಾರು ನನ್ನ ಬೆನ್ನಿಗಲ್ಲ ಎಂಬ ಸಮಾಧಾನವೂ ಇತ್ತು. ಅದಕ್ಕೂ ಕೆಟ್ಟ ಮಾತೆಂದರೆ, ಅವತ್ತು ರೊಟ್ಟಿ ಬಹಳ ಚೆನ್ನಾಗಿ ಉಬ್ಬಿ ಬಂದಿದ್ದವು, ಅದು ನನ್ನ ಗಮನಕ್ಕೆ ಬಂದಿತ್ತು.

ಆಮೇಲೆ ಅಂಗಳದಲ್ಲಿ ಕಾಕಾನ ಎಲೆಗೆ ನಾನೇ ಬಡಿಸಿದೆ.

"ಕಸ್ತೂರಿ ಎಲ್ಲೆದಾಳ್ರಿ ತಾಯಿ?"

"ಧ್ಯಾನಕ್ಕ ಕುಂತಾಳ್ರಿ."

"ಪುಣ್ಯಾತಗಿತ್ತಿ," ಎಂದು ಕಣ್ಣು ಒರೆಸಿಕೊಂಡ. "ಹುಣ್ಣಿವಿ ರೊಟ್ಟಿ ರುಚಿನ ಬ್ಯಾರೆ ನೋಡ್ರಿ." ಇನ್ನೊಂದು ಹಾಕಿಸಿಕೊಂಡು ತಿಂದ.

ಎರಡು ವರ್ಷದ ಮೇಲೆ ಕಸ್ತೂರಿ ತಾನೇ ಗೋಡೆ ಹಾರಿ ಹೋದಳು. ಅಪ್ಪ ಅವಳನ್ನು ಮನೆಯೊಳಗೆ ಸೇರಿಸಲಿಲ್ಲವಂತೆ. ಮುಂದೆ ಮಹಾರಾಜರು ಸತ್ತರು. ಹೆಂಡತಿಯರಾದ ನಾವು ಸೇವಕರಿಗೆ ಬೇಡದ ಬಾಯಿಗಳಾದೆವು, ದಿಕ್ಕಿಗೊಬ್ಬರು ಚದುರಿದೆವು. ನಾನು ಅಥಣಿಗೆ ಬಂದೆ. ಯಾರಾದರೂ ಕೇಳಿದರೆ ಗಂಡ ಸತ್ತಿದ್ದಾನೆ ಎನ್ನುತ್ತೇನೆ. ಯಾವ ಗಂಡ ಎಂದು ಯಾರೂ ಕೇಳುವುದಿಲ್ಲ.

ಹದಿನೈದು ದಿನದ ಹಿಂದೆ ಕಸ್ತೂರಿ ನನ್ನ ಬಾಗಿಲಿಗೆ ಬಂದಳು. ಈಗ ರಾಯಬಾಗದ ಕಡೆ ಒಂದು ಶಾಲೆಯಲ್ಲಿ ಟೀಚರು, ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಚಿಕ್ಕೋಡಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದಾಗ ರೊಟ್ಟಿಯ ಅಂಚಿನಲ್ಲಿ ಮೂರು ಬೆರಳಿನ ಗುರುತು ನೋಡಿ, ಎಲ್ಲಿಂದ ತರಿಸಿದಿರೆಂದು ಕೇಳಿಕೊಂಡು ಬಂದಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪಗ ಹೃದಯದ ತ್ರಾಸ ಐತ್ರಿ. ಇವತ್ತಿಗೂ ನಾ ಸುಳ್ಳಿ ಅಂತನ ಅಂತಾನ. ನಾನ ಅಂಗಳದಾಗ ಕುಂತಿದ್ನೆಲ್ಲಾ, ಏನ ಕೇಳಿಲ್ಲ ಅಂತಾನ. ಅಂವಾ ಸಾಯೂದ್ರಾಗ ಒಮ್ಮೆ ನನ್ನ ನಂಬಬೇಕ್ರಿ ಅಕ್ಕಾ. ನೀವು ಬಂದು ಖರೇ ಹೇಳ್ರಿ."

ಕಾಗವಾಡದಲ್ಲಿ ಬಸ್ಸು ಬದಲಿಸಿ ಜುಗೂಳಕ್ಕೆ ಹೋದೆವು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಮಗಳತ್ತ ನೋಡಲಿಲ್ಲ. ನನ್ನ ಗುರುತು ಹಿಡಿದು, ನಡುಗುವ ಮೈಯನ್ನು ಬಗ್ಗಿಸಿ ನನ್ನ ಪಾದ ಮುಟ್ಟಿದ. "ಮಹಾರಾಜರ ಮನಿಯವರು ನಮ್ಮ ಮನಿಗಿ ಬಂದ್ರಿ!" ಗೋಡೆಯ ಮೇಲೆ ಮಹಾರಾಜರ ಫೋಟೋ, ಅದಕ್ಕೆ ಚೆಂಡು ಹೂವಿನ ಮಾಲೆ. ಊಟ ಮಾಡಿಕೊಂಡೇ ಹೋಗಬೇಕು ಎಂದ. ರೊಟ್ಟಿ ನಾನೇ ಮಾಡುತ್ತೇನೆ ಎಂದು ಅಡಿಗೆಮನೆ ಹೊಕ್ಕೆ. ಕಷ್ಟ ಬಂದಾಗ ನಾನು ಬಚ್ಚಿಟ್ಟುಕೊಳ್ಳುವ ಜಾಗ ಅದೇ.

ಕಾಕಾನ ಸೊಸೆ ಹಿಟ್ಟು, ಹಲಗೆ ಕೊಟ್ಟಳು. ಕಸ್ತೂರಿ ಬಂದು ನನ್ನ ಮುಖ ನೋಡಿದಳು. ಇವಳು ಹೇಳುವುದಿಲ್ಲ ಎಂದು ಅವಳಿಗೆ ತಿಳಿಯಿತು. ಬಳೆ ಬಿಚ್ಚಿ ಗೂಡಿನಲ್ಲಿಟ್ಟಳು, ಗೂಟಕ್ಕೆ ತೂಗುಹಾಕಿದ್ದ ಎತ್ತಿನ ಬಾರು ತೆಗೆದುಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಅಲ್ಲಿ ಹೊದೆಯುವ ಕೌದಿಗಳನ್ನು ಒಟ್ಟಿದ್ದರು. ನಾನು ರೊಟ್ಟಿ ಬಡಿಯತೊಡಗಿದೆ. ಒಳಗೆ ಕೌದಿಯ ಮೇಲೆ ಬಾರು ಬಿತ್ತು. ನನ್ನ ಕೈ ಬಿದ್ದಂತೆಲ್ಲ ಬಾರೂ ಬೀಳುತ್ತಿತ್ತು. ಸೊಸೆ ಏನೂ ತಿಳಿಯದೆ ನಿಂತಿದ್ದಳು.

ಕಟ್ಟೆಯಿಂದ ಕಾಕಾ ನಕ್ಕು ಕೂಗಿದ. "ಇಬ್ಬರೂ ಕೂಡಿ ಬಡ್ಯಾಕತ್ತೀರೇನ್ರಿ? ನನಗ ಎರಡ ಸಾಕ್ರಿ!"

ಆಗ ಕೈ ನಿಲ್ಲಿಸಿದೆ. ಎಷ್ಟೋ ಹುಣ್ಣಿಮೆಗಳ ಹಿಂದೆ ನಿಲ್ಲಿಸಬೇಕಿದ್ದ ಕೈ. ಹಿಟ್ಟು ಮೆತ್ತಿದ ಎರಡೂ ಕೈಯನ್ನು ಹಾಗೇ ಹಿಡಿದುಕೊಂಡು ಹೊರಬಾಗಿಲಿಗೆ ಬಂದು ನಿಂತೆ. ಸೊಸೆಯೂ ನನ್ನ ಹಿಂದೆ ಬಂದಳು. ಒಳಗಿನ ಸದ್ದು ನಿಂತಿರಲಿಲ್ಲ.

"ರೊಟ್ಟಿಗಿ ನಾ ಒಬ್ಬಾಕೀನ ಕುಂತಿದ್ನಿ, ಕಾಕಾ," ಎಂದೆ.

ಕಾಕಾ ನನ್ನ ಕೈ ನೋಡಿದ. ಸೊಸೆಯ ಕೈ ನೋಡಿದ. ಮುಚ್ಚಿದ ಬಾಗಿಲಿನ ಕಡೆ ಕಿವಿಗೊಟ್ಟ. ಅವನ ಮುಖದ ನಗು ಹೋಗುವುದನ್ನು ನಾನು ನೋಡಿದೆ. ಗೋಡೆ ಹಿಡಿದು ಎದ್ದು, ಒಳಗೆ ನಡೆದು ಬಾಗಿಲು ತಳ್ಳಿದ. ಕಸ್ತೂರಿ ಬೆವರಿನಲ್ಲಿ ತೊಯ್ದಿದ್ದಳು.

"ಸಪ್ಪಳ ಕೇಳಿತ್ತವಾ ನನಗ," ಎಂದ. "ರೊಟ್ಟಿದಂತ ಕುಂತಿದ್ನಿ." ಅವಳ ಕೈಯ ಬಾರು ನೋಡಿ ಕೇಳಿದ. "ನೀ ಯಾಕ ಒದರಲಿಲ್ಲ, ಕಸ್ತೂರಿ?"

"ಬಾಯಾಗ ಅರಬಿ ತುರಕಿದ್ರು ಅಪ್ಪಾ. ರೊಟ್ಟಿ ಮುಚ್ಚೂ ಅರಬಿ."

ಒಂದು ಮಾತನ್ನು ನಿಮಗೂ ಹೇಳದೆ ಇಲ್ಲಿಯವರೆಗೆ ದಾಟಿಸಿಕೊಂಡು ಬಂದಿದ್ದೇನೆ. ಆ ಹುಣ್ಣಿಮೆಯ ದಿನ ಒಳಕೋಣೆಗೆ ಹೋಗುವ ಮುಂಚೆ ಮಹಾರಾಜರು ಎಂದಿನಂತೆ ನನ್ನತ್ತ ಕೈ ಚಾಚಿದ್ದರು. ಏನು ಬೇಕೆಂದು ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ರೊಟ್ಟಿಬುಟ್ಟಿಯ ಮೇಲಿನ ಬಟ್ಟೆ ತೆಗೆದು, ಮಡಚಿ, ಕೈಗಿಟ್ಟಿದ್ದೆ. ಕಸ್ತೂರಿ ಅದನ್ನು ನೋಡಿದ್ದಳು. ಆದರೂ ಅಪ್ಪನ ಮುಂದೆ ನನ್ನ ಹೆಸರು ಎತ್ತಲಿಲ್ಲ.

"ಅರಬಿ ಕೊಟ್ಟಾಕಿ ನಾನ್ರಿ, ಕಾಕಾ," ಎಂದೆ.

ಅವನು ನನ್ನ ಕಡೆ ತಿರುಗಲಿಲ್ಲ. ಮಗಳ ಪಕ್ಕದಲ್ಲಿ ಕೌದಿಯ ಮೇಲೆ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟ. ನಾನು ಕೈ ತೊಳೆದುಕೊಂಡು ಒಬ್ಬಳೇ ಬಸ್ಸಿಗೆ ನಡೆದೆ. ಬರುವಾಗ ನನ್ನ ಪಾದ ಯಾರೂ ಮುಟ್ಟಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಕಸ್ತೂರಿ ಆ ದಿನ ಅಲ್ಲಿಯೇ ಉಳಿದಳು.

ಲಟ್ಟಣಿಗೆಗೆ ಸದ್ದಿಲ್ಲ. ಇವತ್ತು ಮುಂಜಾನೆ ರೊಟ್ಟಿ ಮಾಡುವಾಗ ಓಣಿಯ ಮಾತೆಲ್ಲ ಕೇಳುತ್ತಿತ್ತು. ಮುಗಿದ ಮೇಲೆ ಅಭ್ಯಾಸಬಲದಿಂದ ಬುಟ್ಟಿಗೆ ಬಟ್ಟೆ ಮುಚ್ಚಲು ಹೋದೆ, ಆಗಲಿಲ್ಲ. ಒಂದು ತಟ್ಟೆ ಬೋರಲು ಹಾಕಿದೆ. ತಟ್ಟೆಯಡಿ ರೊಟ್ಟಿ ಬೆವೆತು ಮೆತ್ತಗಾಗುತ್ತವೆ, ಖಾನಾವಳಿಯವನು ನಾಳೆ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಕೈ ನೋಯುತ್ತದೆ ಎಂದು ಅವನಿಗೆ ಹೇಳುವುದಿಲ್ಲ.