ಹಿಂದೆ ನೋಡುವ ಮಿಂಚುಳ್ಳಿ

ದಿಲೀಪನಿಗೆ ತಪ್ಪು ಹುಡುಕುವುದಕ್ಕೇ ಸಂಬಳ. ಐರ್ಲೆಂಡಿನ ಗಾಲ್ವೇ ಊರಿನ ಪಾರ್ಕ್‌ಮೋರ್‌ನಲ್ಲಿ, ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವನು ಕ್ವಾಲಿಟಿ ಎಂಜಿನಿಯರ್. ಕೂದಲಿಗಿಂತ ತೆಳ್ಳಗಿನ ಗೀರು ಕಂಡರೂ ಸಾಕು, ಇಡೀ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಾನೆ. ಮೈಸೂರಿನ ನಜರಬಾದಿನ ಈ ಮನುಷ್ಯನಿಗೆ ಕೆಲಸದ ಚಟ ಮನೆಗೂ ಅಂಟಿಕೊಂಡಿದೆ. ಕನ್ನಡ ಸಂಘದ ಊಟದಲ್ಲಿ ಬಿಸಿಬೇಳೆಬಾತಿಗೆ ಲವಂಗ ಜಾಸ್ತಿಯಾಯಿತು ಎನ್ನುತ್ತಾನೆ. ಹೆಣ್ಣು ನೋಡಲು ಹೋದ ಮನೆಯಲ್ಲಿ, ನಿಮ್ಮ ಗೋಡೆ ಗಡಿಯಾರ ವಾರೆಯಾಗಿದೆ ಎಂದು ಹೇಳಿ ಎದ್ದುಬಂದವನು. ನಲವತ್ತಾದರೂ ಒಂಟಿಯಾಗಿರುವುದಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಇಂಥವನು ಕಣ್ಣೆದುರಿನ ತಪ್ಪನ್ನು ಕಂಡೂ ಬಾಯಿ ಮುಚ್ಚಿಕೊಂಡು ಕೂತನೆಂದರೆ ಬಲ್ಲವರು ನಂಬಲಿಕ್ಕಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಕೂತದ್ದು ನಿಜ.

ಅದಕ್ಕೆ ಕಾರಣ ನಾಸಿರ್. ಬೆಂಗಳೂರಿನ ಯಶವಂತಪುರದವನು. ಐರ್ಲೆಂಡಿಗೆ ಬಂದ ಹೊಸದರಲ್ಲಿ ಇಬ್ಬರೂ ಗಾಲ್ವೇಯಲ್ಲಿ ಒಂದೇ ಮನೆ ಹಿಡಿದಿದ್ದರು. ಅನ್ನ ಇವನದು, ಸಾರು ಅವನದು. ಆಮೇಲೆ ನಾಸಿರ್ ಮದುವೆಯಾದ. ಹೆಂಡತಿ ಕುಲ್ಸುಮ್‌ಗೆ ಸ್ಲೈಗೋ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಸಂಸಾರ ಅಲ್ಲಿಗೆ ಹೋಯಿತು. ಅಂದಿನಿಂದ ಗೆಳೆಯರಿಬ್ಬರೂ ಕೂತು ಹರಟುವ ಜಗಲಿ ಎಂದರೆ ಒಂದು ಕಂಪ್ಯೂಟರ್ ಆಟ.

ಐದು ಜನ ಈ ಕಡೆ, ಐದು ಜನ ಆ ಕಡೆ, ಒಬ್ಬೊಬ್ಬರಿಗೂ ಒಂದೊಂದು ಹೀರೋ. ಸತ್ತವರ ಪರದೆ ಬೂದು ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಹೊತ್ತು ಕಾದರೆ ಮತ್ತೆ ಹುಟ್ಟಿ ಬರುತ್ತಾರೆ. ನಾಸಿರನ ಹೀರೋ ದೂರದಿಂದ ಗುರಿಯಿಟ್ಟು ಹೊಡೆಯುವ ಹೆಂಗಸು. ಆಟ ಮಾಡಿದವರು ಅವಳಿಗೆ ಏನು ಹೆಸರಿಟ್ಟಿದ್ದರೋ, ಇವರಿಬ್ಬರಿಗೆ ಅವಳು ಮಿಂಚುಳ್ಳಿ. ಉದ್ದ ಬಂದೂಕು, ಮೇಲಕ್ಕೆಳೆಯುವ ಕೊಕ್ಕೆ ಹಗ್ಗ, ಗಾಳಿಯಲ್ಲೇ ಮತ್ತೊಮ್ಮೆ ಜಿಗಿಸುವ ಬೂಟು. ತಲೆಗೆ ಒಂದು ಗುಂಡು ತಗುಲಿಸಿದರೆ ಎದುರಾಳಿ ಮುಗಿದ. ಆದರೆ ಅವಳ ಮೈ ಬಲು ಸೂಕ್ಷ್ಮ, ಎರಡು ಏಟಿಗೆ ತಾನೂ ಮುಗಿದಳು. ಹಾಗಾಗಿ ಹೊಡೆದ ಜಾಗದಲ್ಲಿ ನಿಲ್ಲಬಾರದು. ಹಗ್ಗ ಎಸೆದು ಮೇಲೆ ಹೋದರೆ ಇಳಿಯುವುದಕ್ಕೆ ಬೂಟಿನ ಜಿಗಿತವನ್ನು ಉಳಿಸಿಕೊಳ್ಳಬೇಕು. ಸುಮಾರಾಗಿ ಆಡುವವರು ಗುರಿಯನ್ನು ಕಲಿಯುತ್ತಾರೆ, ಚೆನ್ನಾಗಿ ಆಡುವವರು ಜಾಗ ಬಿಡುವುದನ್ನು ಕಲಿಯುತ್ತಾರೆ. ದಿಲೀಪನದು ಗಾಯಗೊಂಡವರಿಗೆ ಮದ್ದು ಹಾಕುತ್ತ ಹಿಂದೆ ಓಡುವ ಹೀರೋ. ನಾಸಿರ್ ಅದನ್ನು ಕಾಂಪೌಂಡರ್ ಎಂದು ಕರೆಯುತ್ತಿದ್ದ.

ನಾಸಿರನ ಮಿಂಚುಳ್ಳಿಗೆ ಅದರದೇ ನಡಿಗೆಯಿತ್ತು. ಗುಂಡು ಹಾರಿಸಿದ ಮೇಲೆ ಎಡಕ್ಕೆ ಒಂದು ಸಣ್ಣ ಕುಪ್ಪಳಿಕೆ, ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ಆಮೇಲೆ ಹಗ್ಗ. ಮಹಡಿಯಂಚಿಗೆ ಹತ್ತಿದ ಕೂಡಲೇ ಪೂರ್ತಿ ಹಿಂದೆ ತಿರುಗಿ ಒಮ್ಮೆ ಕೆಳಗೆ ನೋಡುವುದು. ಆ ಅರೆಕ್ಷಣದಲ್ಲಿ ತಲೆ ಬಯಲಿಗೆ ಬಿದ್ದಿರುತ್ತಿತ್ತು. ಎಷ್ಟೋ ಸಲ ಅಲ್ಲೇ ಸತ್ತಿದ್ದಾನೆ.

“ಲೋ, ಹಿಂದೆ ಯಾಕೋ ನೋಡ್ತೀಯ? ತಲೆ ಪೂರ್ತಿ ಕಾಣ್ಸತ್ತೆ,” ಎಂದು ದಿಲೀಪ ಬೈಯುತ್ತಿದ್ದ.

“ನೀನು ಬರ್ತಿದ್ದೀಯೋ ಇಲ್ವೋ ನೋಡ್ಬೇಡ್ವಾ?”

“ಬರ್ದೆ ಎಲ್ಲಿಗೆ ಹೋಗ್ಲಿ? ಸುಮ್ನೆ ಮುಂದೆ ನೋಡ್ಕೊಂಡು ಹೊಡಿ.”

“ಆಯ್ತು ಮಗಾ,” ಎನ್ನುತ್ತಿದ್ದ ನಾಸಿರ್. ಮುಂದಿನ ಸಲ ಮತ್ತೆ ತಿರುಗಿ ನೋಡುತ್ತಿದ್ದ.

ಒಂದು ಬೆಳಿಗ್ಗೆ, ಆಫೀಸಿನ ಕಾರ್ ಪಾರ್ಕಿನಲ್ಲಿ, ಇಂಜಿನ್ ಆರಿಸಿದ ಕಾರಿನಲ್ಲೇ ನಾಸಿರನ ಎದೆಬಡಿತ ನಿಂತುಹೋಯಿತು. ಸ್ಲೈಗೋದಲ್ಲೇ ಮಣ್ಣು ಮಾಡಿದರು. ದಿಲೀಪನೂ ಹಿಡಿ ಮಣ್ಣು ಹಾಕಿ ಬಂದ, ಬಂದವನು ಆಟವನ್ನು ಕಂಪ್ಯೂಟರಿನಿಂದಲೇ ಅಳಿಸಿಹಾಕಿದ. ವರ್ಷ ಕಳೆದು ಇನ್ನೊಂದು ಚಳಿಗಾಲ ಬಂದಾಗ, ಭಾನುವಾರಗಳನ್ನು ತಳ್ಳುವುದು ಹೇಗೆಂದು ತಿಳಿಯದೆ ಮತ್ತೆ ತಂದು ಹಾಕಿಕೊಂಡ. ಗುರುತಿಲ್ಲದವರ ಜೊತೆ ಮೈಕ್ ಆರಿಸಿಕೊಂಡು ಆಡುತ್ತಿದ್ದ.

ಅಂಥ ಒಂದು ಭಾನುವಾರ, ಮಧ್ಯಾಹ್ನವೇ ದೀಪ ಹಾಕಿಕೊಂಡ ಹೊತ್ತಿನಲ್ಲಿ, ಅವನ ತಂಡಕ್ಕೆ ಹೊಸ ಮಿಂಚುಳ್ಳಿಯೊಂದು ಸೇರಿಕೊಂಡಿತು. ಹೆಸರಿನ ಜಾಗದಲ್ಲಿ ‘ಟೀಪಾಟ್’ ಎಂದಿತ್ತು. ಯಾರೋ ಏನೋ ಎಂದು ದಿಲೀಪ ಹಿಂದೆ ಹಿಂದೆ ಓಡಿದ. ಮಿಂಚುಳ್ಳಿ ಒಂದು ಗುಂಡು ಹಾರಿಸಿತು. ಎಡಕ್ಕೆ ಸಣ್ಣದಾಗಿ ಕುಪ್ಪಳಿಸಿತು. ಹಗ್ಗ ಎಸೆದು ಮಹಡಿಯಂಚಿಗೆ ಏರಿತು. ಅಲ್ಲಿ ನಿಂತು, ಹಿಂದೆ ತಿರುಗಿ, ನೇರವಾಗಿ ಅವನನ್ನೇ ನೋಡಿತು.

ದಿಲೀಪನ ಕೈ ಕೀಲಿಮಣೆಯಿಂದ ಜಾರಿತು. ಆ ಕುಪ್ಪಳಿಕೆ ಯಾರಿಗೂ ಬರುವುದಿಲ್ಲ, ಬರಬೇಕಾದ ಅಗತ್ಯವೇ ಇಲ್ಲ. ದೂರದಲ್ಲಿ ಹೋಗುತ್ತಿರುವವನನ್ನು ನಡಿಗೆಯಿಂದಲೇ ಇಂಥವನೆಂದು ಹೇಳುವುದಿಲ್ಲವೇ, ಹಾಗೆ ಅವನಿಗೆ ಗೊತ್ತಾಗಿಹೋಯಿತು. ಆಟ ಮುಗಿದ ಮೇಲೆ ಟೀಪಾಟ್ ಮಾತಿಲ್ಲದೆ ಹೊರಟುಹೋಯಿತು. ದಿಲೀಪ ಹೆದರಿದ್ದ. ಹೆದರಿಕೆಯ ಅಡಿಯಲ್ಲಿ ನಾಚಿಕೆಯಾಗುವಷ್ಟು ಸಂತೋಷವೂ ಇತ್ತು.

ಆಮೇಲಿನ ವಾರಗಳಲ್ಲಿ ಅವನ ತಲೆ ಕೆಲಸದ ಮೇಲೆ ನಿಲ್ಲಲಿಲ್ಲ. ಪಾರ್ಕ್‌ಮೋರ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಕನ್ನಡಿಯಲ್ಲಿ ಹಿಂದಿನ ಕಾರಿನವನ ಮುಖವನ್ನು ದಿಟ್ಟಿಸುತ್ತಿದ್ದ. ಸೂಕ್ಷ್ಮದರ್ಶಕದ ಕೆಳಗೆ ಗೀರಿದ್ದ ಕೊಳವೆಯೊಂದನ್ನು ಸರಿಯಿದೆ ಎಂದು ಬಿಟ್ಟು, ಪಕ್ಕದವರು ಎತ್ತಿ ತೋರಿಸಿದಾಗ ಮುಖ ಸಪ್ಪೆ ಮಾಡಿಕೊಂಡ. ಸಂಜೆ ಬಂದು ಆಟ ಹಚ್ಚಿದರೆ ಟೀಪಾಟ್ ಇಲ್ಲ. ಇನ್ನೊಂದು ಭಾನುವಾರ ಮತ್ತೆ ಸಿಕ್ಕಿತು, ಈ ಸಲ ಎದುರು ಪಾಳಯದಲ್ಲಿ.

ಕಾಂಪೌಂಡರ್ ಕೈಯಲ್ಲೂ ಒಂದು ಪುಟ್ಟ ಪಿಸ್ತೂಲು ಇರುತ್ತದೆ. ಮಿಂಚುಳ್ಳಿ ಎಲ್ಲಿ ಏರುತ್ತದೆ, ಯಾವಾಗ ತಿರುಗುತ್ತದೆ ಎಂದು ಅವನಷ್ಟು ಬಲ್ಲವರು ಲೋಕದಲ್ಲಿಲ್ಲ. ಮುಂಚೆಯೇ ಹೋಗಿ ಕಂಬದ ಮರೆಯಲ್ಲಿ ಕಾದ. ಅದು ಏರಿತು, ತಿರುಗಿತು, ತಲೆ ಬಯಲಿಗೆ ಬಂತು. ಗುರಿ ಸರಿಯಾಗಿ ಕೂತಿತ್ತು, ಬೆರಳು ಮಾತ್ರ ಅಲ್ಲಾಡಲಿಲ್ಲ. ಒಂದು ಸಲ ಮಣ್ಣು ಹಾಕಿದ ಕೈ ಅದು. ಮಿಂಚುಳ್ಳಿ ಮುಂದಕ್ಕೆ ತಿರುಗಿ ಅವನನ್ನು ಕಂಡಿತು. ಬಂದೂಕು ಎತ್ತಿತು, ಇಳಿಸಿತು, ಜಿಗಿದು ಮಾಯವಾಯಿತು. ನಿದ್ದೆ ಮಾಡುತ್ತಿದ್ದೀಯಾ ಎಂದು ಅವನ ತಂಡದವರು ಉಗಿದರು.

ಆಟ ಮುಗಿದ ಕೂಡಲೇ ‘ಯಾರು ನೀವು’ ಎಂದು ಬರೆದು ಕಳಿಸಿದ. ಅವನ ಆಟದ ಹೆಸರು ‘ನಜರಬಾದ್’ ಎಂದಿದ್ದುದರಿಂದ ಆ ಕಡೆಯವರಿಗೆ ಗುರುತು ಕೇಳುವ ಅಗತ್ಯವಿರಲಿಲ್ಲ.

‘ದಿಲೀಪ್ ಅಣ್ಣ, ನಾನು ಕುಲ್ಸುಮ್. ಹೆದರಿಸಿಬಿಟ್ನಾ? ಮೊದಲನೇ ದಿನಾನೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ.’

ಮುಂದಿನ ಶನಿವಾರ ದಿಲೀಪ ಸ್ಲೈಗೋಗೆ ಕಾರು ಓಡಿಸಿಕೊಂಡು ಹೋದ. ಬಾಗಿಲು ತೆರೆದ ನಾಸಿರನ ಮಗಳು ಅಯ್ಮನ್, ಅಪ್ಪಟ ಸ್ಲೈಗೋ ರಾಗದಲ್ಲಿ “ಮಾಮ್, ದಿಲೀಪ್ ಅಂಕಲ್ ಈಸ್ ಹಿಯರ್” ಎಂದು ಕೂಗಿ ಮಹಡಿ ಹತ್ತಿ ಹೋದಳು. ನಾಸಿರನ ಕಂಪ್ಯೂಟರ್ ಅದೇ ಮೂಲೆಯಲ್ಲಿತ್ತು. ಅದರ ಹಿಂದೆ, ಕುಲ್ಸುಮ್ ಚಹಾ ಹಿಡಿದು ಕೂರುತ್ತಿದ್ದ ಬೆತ್ತದ ಕುರ್ಚಿಯೂ ಇತ್ತು. ದಿಲೀಪನನ್ನು ಅದರ ಮೇಲೇ ಕೂರಿಸಿದಳು.

“ಅವರಿದ್ದಾಗ ಒಂದಿನಾನೂ ಆಡಿದೋಳಲ್ಲ,” ಎಂದಳು ಕುಲ್ಸುಮ್. “ಇಲ್ಲೇ ಕೂತ್ಕೊಂಡು ನೋಡ್ತಿದ್ದೆ ಅಷ್ಟೆ. ಅವರು ಹೋದ್ಮೇಲೆ ಒಂದಿನ ಸುಮ್ನೆ ಮೌಸ್ ಹಿಡ್ಕೊಂಡೆ. ನೋಡಿ ನೋಡಿ ಕೈಗೆ ಬಂದ್ಬಿಟ್ಟಿತ್ತು ಅಣ್ಣ. ಅವರ ಅಕೌಂಟ್ ಮುಟ್ಟೋಕೆ ಮನಸ್ಸಾಗ್ಲಿಲ್ಲ, ಬೇರೆ ಮಾಡ್ಕೊಂಡೆ.”

ಈಗ ಆಸ್ಪತ್ರೆಯ ಜೊತೆಗಾರ್ತಿಯರದೊಂದು ತಂಡವಿದೆ, ಕಟ್ಟಿದವಳು ಆಶ್ಲಿಂಗ್ ಎಂಬ ನರ್ಸ್. ಕಾರ್ಕ್ ನಗರದಲ್ಲಿ ಈ ಆಟದ ಹೆಂಗಸರ ಪಂದ್ಯವಿದೆ. ಹೇಳುವಾಗ ಕುಲ್ಸುಮ್‌ಳ ಕಣ್ಣು ಮಿನುಗುತ್ತಿತ್ತು. ಗಂಡ ಸತ್ತಾಗಿನಿಂದ ಆಸ್ಪತ್ರೆ ಮತ್ತು ಮನೆ ಬಿಟ್ಟರೆ ಬೇರೇನೂ ಇರಲಿಲ್ಲ, ಇದೊಂದು ತನಗೇ ಸೇರಿದ್ದು ಎಂದಳು. ಆದರೆ ಒಂದು ತೊಂದರೆ.

“ಮೇಲೆ ಹತ್ತಿದ ತಕ್ಷಣ ಸತ್ತೋಗ್ತೀನಿ. ಪ್ರತಿ ಸಲ. ಹೀಗೇ ಆದ್ರೆ ಬಂದೂಕು ಬೇರೆಯೋರಿಗೆ ಕೊಡ್ತೀನಿ ಅಂತಾಳೆ ಆಶ್ಲಿಂಗ್. ನೋಡಿ ಅಣ್ಣ, ಎಲ್ಲಿ ತಪ್ತಿದೀನಿ ಹೇಳಿ.”

ಅವಳು ಆಡಿದಳು, ಅವನು ಹಿಂದೆ ಕೂತು ನೋಡಿದ. ಗುಂಡು, ಕುಪ್ಪಳಿಕೆ, ಹಗ್ಗ, ತಿರುಗಿದ ತಲೆ. ಪರದೆ ಬೂದಾಯಿತು. ಹೇಳಲು ಒಂದೇ ಮಾತು ಸಾಕಿತ್ತು. ಹೇಳಿದರೆ ಇವಳು ತಿದ್ದಿಕೊಳ್ಳುತ್ತಾಳೆ. ತಿದ್ದಿಕೊಂಡರೆ, ಭೂಮಿಯ ಮೇಲೆ ನಾಸಿರನ ಆ ನೋಟ ಇನ್ನೆಲ್ಲೂ ಇರುವುದಿಲ್ಲ. ಮಣ್ಣಿನ ಕೆಳಗೆ ಹೋದವನು ಈ ಅರೆಕ್ಷಣದಲ್ಲಿ ಮಾತ್ರ ಹಿಂದೆ ತಿರುಗಿ, ನೀನು ಬರುತ್ತಿದ್ದೀಯಾ ಎಂದು ಕೇಳುತ್ತಿದ್ದ. ದಿಲೀಪನಿಗೆ ಅದು ಬೇಕಾಗಿತ್ತು, ಹೊಟ್ಟೆಬಾಕನ ಹಾಗೆ ಬೇಕಾಗಿತ್ತು.

“ಏನೂ ತಪ್ಪಿಲ್ಲ ಭಾಭಿ, ಗ್ರ್ಯಾಂಡ್ ಆಗಿ ಆಡ್ತೀರಿ. ನಸೀಬು ಅಷ್ಟೆ,” ಎಂದ.

ಅವನು ಹೊರಡುವಾಗ ಕುಲ್ಸುಮ್ ಡಬ್ಬಿಯಲ್ಲಿ ಖೀರು ಹಾಕಿ ಕೊಟ್ಟಳು. ವಾಪಸ್ ಬರುವ ದಾರಿಯುದ್ದಕ್ಕೂ ಡಬ್ಬಿ ಪಕ್ಕದ ಸೀಟಿನಲ್ಲಿ ಕೂತಿತ್ತು, ಅದರತ್ತ ನೋಡಲು ಅವನಿಗೆ ಮುಖವಿರಲಿಲ್ಲ.

ಆಮೇಲೆ ಅವರಿಬ್ಬರೂ ಒಂದೇ ಪಾಳಯದಲ್ಲಿ ಆಡತೊಡಗಿದರು. ದಿಲೀಪ ಮದ್ದು ಹಿಡಿದು ಹಿಂದೆ ಓಡುತ್ತಿದ್ದ, ಮಿಂಚುಳ್ಳಿ ಏರಿ ತಿರುಗಿ ನೋಡುತ್ತಿತ್ತು, ಅವನ ಎದೆ ತುಂಬುತ್ತಿತ್ತು, ಅವಳು ಸಾಯುತ್ತಿದ್ದಳು. ಕಾರ್ಕ್ ಪಂದ್ಯ ಹತ್ತಿರ ಬಂದ ಒಂದು ಸಂಜೆ, ಮತ್ತೆ ಸತ್ತು ಪರದೆ ಬೂದಾದಾಗ, ಮೈಕ್‌ನಲ್ಲಿ ಅವಳು ಕೇಳಿಯೇಬಿಟ್ಟಳು.

“ಅಣ್ಣ, ಅವರು ಆಡ್ವಾಗ ನೀವು ಬೈತಿದ್ದಿದ್ದು ಅವರ ಹೆಡ್‌ಫೋನಿಂದ ಹಿಂದಿನ ಕುರ್ಚಿಗೂ ಕೇಳಿಸ್ತಿತ್ತು. ಏನಂತಿದ್ರೋ ತಿಳೀತಿರ್ಲಿಲ್ಲ, ಬೈಗುಳ ಅಂತ ಮಾತ್ರ ಗೊತ್ತಾಗ್ತಿತ್ತು. ನನ್ನನ್ನ ಒಂದ್ಸಲಾನೂ ಬೈದಿಲ್ಲ ನೀವು. ಪಾಪ ಅಂತಾನಾ? ಆಶ್ಲಿಂಗ್ ಇವತ್ತು ಬೇರೆ ಹುಡುಗೀನ ಕರ್ಸಿದ್ಲು.”

ತಾನು ಮಾಡುತ್ತಿರುವುದು ಕಳ್ಳತನವೆಂದು ದಿಲೀಪನಿಗೆ ಆ ಹೊತ್ತಿನಲ್ಲಿ ಅರ್ಥವಾಯಿತು. ತನ್ನ ಸತ್ತ ಗೆಳೆಯನನ್ನು ಉಳಿಸಿಕೊಳ್ಳಲು ಬದುಕಿರುವ ಇವಳನ್ನು ದಿನಾ ಸಾಯಿಸುತ್ತಿದ್ದ.

“ಮೇಲೆ ಹತ್ತಿದ್ಮೇಲೆ ಹಿಂದೆ ನೋಡ್ಬೇಡಿ ಭಾಭಿ,” ಎಂದ. “ಅದೇ ತಪ್ಪು.”

“ಹಿಂದೆ ನೋಡೋದು ತಪ್ಪಾ?” ಅವಳ ದನಿಯಲ್ಲಿ ನಿಜವಾದ ಬೆರಗಿತ್ತು. “ಒಗ್ಗರಣೆಗೆ ಸಾಸಿವೆ ಹಾಕೋ ಥರ ಅದೂ ಒಂದು ಹಂತ ಅಂದ್ಕೊಂಡಿದ್ದೆ. ಮತ್ತೆ ಅವರ್ಯಾಕೆ ನೋಡ್ತಿದ್ರು?”

“ನಾನು ಬರ್ತಿದ್ದೀನೋ ಇಲ್ವೋ ಅಂತ.”

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಅವಳು ಮತ್ತೆ ಹುಟ್ಟಿ ಬಯಲಿಗೆ ಬಂದಳು. ಮಿಂಚುಳ್ಳಿ ಒಂದು ಗುಂಡು ಹಾರಿಸಿತು, ಎಡಕ್ಕೆ ಕುಪ್ಪಳಿಸಿತು, ಹಗ್ಗ ಎಸೆದು ಏರಿತು. ದಿಲೀಪ ಕೆಳಗೆ ಮುಖವೆತ್ತಿ ಕಾದ. ಅದರ ಬೆನ್ನು ಅವನ ಕಡೆಗೇ ಉಳಿಯಿತು. ಇನ್ನೊಂದು ಗುಂಡು ಹಾರಿತು, ಎದುರಾಳಿಯೊಬ್ಬ ಉರುಳಿದ. ಜಾಗ ಬಿಟ್ಟು ಜಿಗಿದು ಮತ್ತೊಂದು ಅಂಚಿನಿಂದ ಹೊಡೆದಳು, ಇನ್ನೊಬ್ಬನೂ ಉರುಳಿದ. ಕುಲ್ಸುಮ್ ಗಟ್ಟಿಯಾಗಿ ನಕ್ಕಳು. ನಾಸಿರ್ ಹೋದ ಮೇಲೆ ಆ ನಗುವನ್ನು ದಿಲೀಪ ಕೇಳಿರಲಿಲ್ಲ.

“ಅಣ್ಣಾ, ನೋಡೋಕೆ ಪುರುಸೊತ್ತಿಲ್ಲ, ಬಾಯಲ್ಲೇ ಕೇಳ್ತಿದೀನಿ. ಹಿಂದೆ ಇದ್ದೀರಲ್ಲ?”

“ಇದ್ದೀನಿ,” ಎಂದ ದಿಲೀಪ.

ಹಾಗೆಂದ ಕೂಡಲೇ ತನ್ನ ಬೆನ್ನ ಹಿಂದೆಯೂ ಯಾರೋ ಇದ್ದಾರೆಂದು ಬಲವಾಗಿ ಅನ್ನಿಸಿತು. ತಡೆಯಲಾರದೆ ಕಾಂಪೌಂಡರನ್ನು ಹಿಂದಕ್ಕೆ ತಿರುಗಿಸಿ ನೋಡಿದ. ಖಾಲಿ ಓಣಿ, ಮುಚ್ಚಿದ ಒಂದು ಬಾಗಿಲು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಗುಂಡು ತಲೆಗೆ ತಗುಲಿತು.

“ಅಯ್ಯೋ! ಹಿಂದೆ ನೋಡ್ಬೇಡಿ ಅಂತ ನೀವೇ ಹೇಳಿದ್ರಲ್ಲ ಅಣ್ಣ!”

“ಹೌದು ಭಾಭಿ, ತಪ್ಪಾಯ್ತು,” ಎಂದ, ಮತ್ತೆ ಹುಟ್ಟುವುದನ್ನೇ ಕಾಯುತ್ತ, ಬೂದು ಪರದೆಯ ಮುಂದೆ ಕಣ್ಣೊರೆಸಿಕೊಂಡ.