ಮಂಚ ಹತ್ತಿದ ಹೀರೆಬಳ್ಳಿ

ಮೊನ್ನೆ ಪಕ್ಕದ ಮನೆಯವರು ಕಿಟಕಿಗಳಿಗೆ ವಾರ್ನಿಷ್ ಬಳಿಸುತ್ತಿದ್ದರು. ಆ ವಾಸನೆ ಗೋಡೆ ಹಾರಿ ನಮ್ಮ ಅಡುಗೆಮನೆಗೆ ಬಂದದ್ದೇ ತಡ, ನನ್ನ ಹೆಂಡತಿ ಶೈಲಜ ಒಲೆ ಮುಂದಿನಿಂದಲೇ, "ರೀ, ನೀವೇನೂ ಮುಟ್ಟಿಲ್ಲ ತಾನೆ?" ಎಂದು ಕೂಗಿದಳು. ನೀವೇ ಹೇಳಿ, ಪಕ್ಕದ ಮನೆಯ ವಾಸನೆಗೆ ನಾನು ಹೊಣೆಯೇ? ಆದರೆ ಅವಳ ಗಾಬರಿಗೂ ಒಂದು ಕಾರಣವಿದೆ. ಆ ಕಾರಣಕ್ಕೆ ನಾಲ್ಕು ಕಾಲು, ಹಲಸಿನ ಮರದ ಮೈ.

ನಮ್ಮ ಮನೆ ತಿಪಟೂರಿನ ಅಂಚಿನಲ್ಲಿದೆ. ಹಿಂದಿನ ಕೋಣೆಯ ಅಟ್ಟದಲ್ಲಿ ಕೊಬ್ಬರಿಯಾಗಲೆಂದು ಕಾಯಿ ತುಂಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಬೇಸಿಗೆ ರಜೆಯಲ್ಲಿ ಕಾಯಿ ಇಳಿಸಿದಾಗ ಮೂಲೆಯಲ್ಲಿ ಅಜ್ಜಿಯ ಮಂಚ ಕಂಡಿತು. ಸೊಳ್ಳೆಪರದೆ ಕಟ್ಟಲು ನಾಲ್ಕು ಮೂಲೆಗೂ ಉದ್ದನೆಯ ಕಂಬ, ಮೇಲೆ ಅಡ್ಡಪಟ್ಟಿಗಳಿದ್ದ ಮಂಚ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಸುತ್ತಿಗೆ ಹಿಡಿದರೆ ಮೊಳೆಗಿಂತ ಹೆಬ್ಬೆರಳಿಗೇ ಏಟು ಜಾಸ್ತಿ. ಆದರೂ ಹಳೆಯ ಮೇಜು ಕುರ್ಚಿಗಳನ್ನು ಹೊಸದು ಮಾಡುವ ವೀಡಿಯೊಗಳನ್ನು ಫೋನಿನಲ್ಲಿ ನೋಡಿ ನೋಡಿ, ನನ್ನೊಳಗೊಬ್ಬ ಬಡಗಿ ಇದ್ದಾನೆಂದು ನಂಬಿಬಿಟ್ಟಿದ್ದೆ.

"ಅದನ್ಯಾಕೆ ಇಳಿಸ್ತೀಯಾ? ಬುಡು ಅತ್ಲಾಗೆ" ಎಂದರು ಅಪ್ಪ.

ಆ ಮಂಚದಲ್ಲೊಂದು ಜಗಳವಿತ್ತು. ಅಜ್ಜಿ ತೀರಿಕೊಂಡಾಗ ಅಪ್ಪನ ಅಕ್ಕ, ಹುಳಿಯಾರಿನ ನಂಜತ್ತೆ, "ನಮ್ಮವ್ವನ ಮಂಚ ನಂಗಿರ್ಲಿ" ಎಂದರಂತೆ. "ಮನೆ ಸಾಮಾನು ಮನೇಲಿರ್ಬೇಕು" ಎಂದರಂತೆ ಅಪ್ಪ. ಅಂದಿನಿಂದ ಮಾತಿಲ್ಲ. ಮದುವೆಮನೆ ಪಂಕ್ತಿಯಲ್ಲಿ ಇಬ್ಬರೂ ನನ್ನ ಆಚೀಚೆ ಕೂರುತ್ತಿದ್ದರು. "ಸಾರು ಖಾರ ಐತೆ, ನಿಮ್ಮಪ್ಪಂಗೆ ಹೇಳು, ಆಮೇಲೆ ಹೊಟ್ಟೆ ಹಿಡ್ಕೊಂಡು ಕೂರ್ತಾನೆ" ಎನ್ನುವರು ಅತ್ತೆ. "ನಂಗೊತ್ತೈತೆ ಅಂತ ಹೇಳು" ಎನ್ನುವರು ಅಪ್ಪ. ಇಬ್ಬರ ಮಾತು ದಾಟಿಸುವುದರಲ್ಲಿ ನನ್ನ ಎಲೆಯ ಅನ್ನ ಆರುತ್ತಿತ್ತು.

ಇರಲಿ. ಮಂಚವನ್ನು ಹಿತ್ತಲಿಗೆ ತಂದು, ಕಾಲಡಿಗೆ ಕಲ್ಲು ಕೊಟ್ಟು, ಉಪ್ಪುಕಾಗದ ಹಿಡಿದು ಉಜ್ಜತೊಡಗಿದೆ. ಕಂದು ಬಣ್ಣ ಹೋದರೆ ಕೆಳಗೆ ಹಸಿರು, ಹಸಿರು ಹೋದರೆ ನೀಲಿ. ಜಗಲಿಯಲ್ಲಿದ್ದ ಅಪ್ಪ ಮೆಲ್ಲಗೆ ಹತ್ತಿರ ಸರಿದರು.

"ಹಸಿರು, ಎತ್ತಿನ ಗಾಡಿಗೆ ಬಳಿದು ಮಿಕ್ಕಿದ್ದು ಕಣ್ಲಾ. ನೀಲಿ..." ಎಂದು ತಡೆದರು. "ನೀಲಿ ಅಕ್ಕನ ಮದುವೇಲಿ ಬಳಿದಿದ್ದು."

ಮಾರನೆಯ ಬೆಳಿಗ್ಗೆಯಿಂದ ಅವರೂ ಕಾಲು ಉಜ್ಜುತ್ತ ಕೂತರು. ಮಂಚದ ಕಾಲು.

ಒಂದು ಸಲ ವಾರ್ನಿಷ್ ಬಳಿದೆವು. ಇನ್ನೊಂದು ಸಲ ಬಳಿಯುವಷ್ಟರಲ್ಲಿ ಸ್ಕೂಲು ಶುರುವಾಯಿತು. ಮಂಚದ ಪಕ್ಕದಲ್ಲೇ ಶೈಲಜಳ ಕೈತೋಟ. ತೆಂಗಿನ ನಾರಿನ ಪುಡಿ, ಸಗಣಿಗೊಬ್ಬರ ಬೆರೆಸಿ ಬದನೆ, ಟೊಮೇಟೊ, ಹೀರೆ ಹಾಕಿದ್ದಳು. ಹೀರೆಗೊಂದು ಚಪ್ಪರ ಹಾಕಿಕೊಡಿ ಎಂದು ಅವಳು ಕೇಳಿದಾಗಲೆಲ್ಲ, "ಮಂಚ ಮುಗೀಲಿ ತಡಿ" ಎನ್ನುತ್ತಿದ್ದೆ. ಅವಳು ತಡೆದಳು, ಹೀರೆಬಳ್ಳಿ ತಡೆಯಲಿಲ್ಲ. ಒಂದು ಕಂಬ ಹಿಡಿದು ಮೇಲೇರಿ, ಇನ್ನೊಂದಕ್ಕೆ ದಾಟಿ, ಮಂಚದ ಮೇಲೆಲ್ಲ ಹಳದಿ ಹೂವಿನ ಮೇಲ್ಕಟ್ಟು ಕಟ್ಟಿಬಿಟ್ಟಿತು. ನಾನು ಕತ್ತರಿ ತಂದರೆ ಶೈಲಜ ಅಡ್ಡ ನಿಂತಳು.

"ಹೂ ಬಿಟ್ಟಿರೋ ಬಳ್ಳಿಗೆ ಕತ್ತರಿ ಇಕ್ತೀರಾ? ಚಪ್ಪರ ಕೇಳ್ದೆ, ನೀವು ಮಾಡ್ಕೊಡ್ಲಿಲ್ಲ. ಅದೇ ಹುಡುಕ್ಕೊಂಡೈತೆ."

ಕತ್ತರಿ ಒಯ್ದು ಒಳಗಿಟ್ಟೆ. ಅಷ್ಟಕ್ಕೇ ನಿಲ್ಲದೆ ಆ ಮಹಾತಾಯಿ ಮೊದಲ ಫಸಲಿನ ಹೆಮ್ಮೆಗೆ ಫೋಟೊ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದಳು. ಎಲ್ಲರೂ ಹೀರೆಕಾಯಿ ನೋಡಿದರು. ಹುಳಿಯಾರಿನಲ್ಲಿ ಒಬ್ಬರು ಮಾತ್ರ ಮಂಚ ನೋಡಿದರು.

ಮಾರನೆಯ ದಿನ ಮನೆ ಮುಂದೆ ಲಗೇಜ್ ಆಟೊ ನಿಂತಿತು. ನಂಜತ್ತೆ ಇಳಿದು ನನ್ನನ್ನೇ ಕೇಳಿದರು. "ಎಲ್ಲೈತ್ಲಾ ನಮ್ಮವ್ವನ ಮಂಚ? ಮಳೆ ಬಿಸಿಲಿಗೆ ಬಿಸಾಕಿ ಬಳ್ಳಿ ಹಬ್ಬಿಸಿದೀರಲ್ಲ!"

ಅಪ್ಪ ಎದ್ದು ನಿಂತು, ನನ್ನ ಮುಖ ನೋಡಿ, "ನೀರು ಬೇಕಾ ಕೇಳು" ಎಂದರು.

ಅತ್ತೆ ನೀರೂ ಕುಡಿಯದೆ ಹಿತ್ತಲಿಗೆ ನಡೆದರು. ಮಂಚದ ಸುತ್ತ ಬಂದರು. ಕಂಬದ ಕೆತ್ತನೆಯ ಸಂದಿಯಲ್ಲಿ, ನಮ್ಮ ಉಪ್ಪುಕಾಗದಕ್ಕೆ ಸಿಗದೆ ಉಳಿದಿದ್ದ ನೀಲಿಯನ್ನು ಬೆರಳಿನಿಂದ ಸವರಿದರು. ಆಮೇಲೆ ಹಲಗೆಯ ಮೇಲೆ ಕೂತರು. ಇನ್ನೇನು ಅತ್ತೇಬಿಡುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಹೀರೆಕಾಯೊಂದು ಅವರ ತಲೆಗೆ ತಾಗಿತು. ಹಿಡಿದು ಹಿಚುಕಿ ನೋಡಿ, "ಬಲ್ತು ನಾರಾಗ್ತದೆ ಕಣೇ ಶೈಲ, ಕುಯ್ಯಿ" ಎಂದರು. ಆಟೊದವನು ಹಗ್ಗ ತಂದಾಗ ಅವನಿಗೇ ಗದರಿದರು. "ಕಾಯಿ ಬಿಡ್ತಿರೋ ಬಳ್ಳೀನ ಎಂಗಪ್ಪ ಕೀಳೋದು? ಮುಗೀಲಿ. ಅಲ್ಲೀಗಂಟ ನಾನಿಲ್ಲೇ ಇರ್ತೀನಿ. ಹೋದ್ರೆ ಇವ್ರು ಮತ್ತೆ ಅಟ್ಟಕ್ಕೇರಿಸ್ತಾರೆ."

ಮಗನಿಗೆ ಫೋನ್ ಮಾಡಿ ಸೀರೆ ತರಿಸಿಕೊಂಡು ಅತ್ತೆ ಠಿಕಾಣಿ ಹೂಡಿದರು. ದಿನವೂ ಹೀರೆಕಾಯಿ ಸಾರು, ಹೀರೆಕಾಯಿ ಬಜ್ಜಿ, ಹೀರೆಸಿಪ್ಪೆ ಚಟ್ನಿ. ಊಟಕ್ಕೆ ಕೂತಾಗ ನನ್ನ ದೂತನ ಕೆಲಸವೂ ನಡೆದಿತ್ತು. ಒಂದು ಮಧ್ಯಾಹ್ನ ಅಪ್ಪ ಬಳ್ಳಿಯ ಬುಡಕ್ಕೆ ಬಿಂದಿಗೆ ಬಗ್ಗಿಸುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ.

"ಲೇ ಸಿದ್ದ, ಉರಿಬಿಸಿಲಲ್ಲಿ ನೀರು ಉಯ್ತಾರೇನ್ಲಾ?"

"ನಂಗೊತ್ತು ಕಣಕ್ಕ!"

ಹೇಳಿದ ಮೇಲೆ ಇಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡಿದರು. ನನ್ನ ನೌಕರಿ ಅವತ್ತೇ ಹೋಯಿತು. ಆಮೇಲೆ ಎಂಥ ಜಗಳ ಅಂತೀರಿ! ಗೊಬ್ಬರಕ್ಕೆ, ಹುಳಕ್ಕೆ, ಬೀಜಕ್ಕೆ ಬಿಡಬೇಕಾದ ಕಾಯಿಗೆ... ಎಲ್ಲವೂ ನೇರ, ಬಾಯಿಂದ ಬಾಯಿಗೆ.

ಬಳ್ಳಿ ಎಷ್ಟು ದಿನ ಇದ್ದೀತು? ಎಲೆ ಹಣ್ಣಾಯಿತು, ಹೂ ನಿಂತಿತು. ಅತ್ತೆ ಸೀರೆ ಮಡಿಚಿ ಚೀಲಕ್ಕಿಟ್ಟು, ಸೋಮವಾರ ಬಾ ಎಂದು ಆಟೊದವನಿಗೆ ಹೇಳಿದರು. ಅಂದು ಊಟಕ್ಕೆ ಕೂತ ಅಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದರು.

ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದರೆ ಅಪ್ಪ ಮಂಚದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕಡ್ಡಿಯಿಂದ ಒಂದೊಂದು ಕಾಲಿನ ಪಕ್ಕವೂ ಗುಳಿ ತೋಡಿ ಅವರೆಬೀಜ ಹಾಕುತ್ತಿದ್ದಾರೆ. ನನ್ನನ್ನು ಕಂಡು, "ಸುಮ್ಕಿರು, ಕೂಗ್ಬೇಡ" ಎಂದು ಪಿಸುಗುಟ್ಟಿದರು.

"ಅಷ್ಟು ಆಳಕ್ಕಾಕಿದ್ರೆ ಹುಟ್ಟಲ್ಲ ಕಣ್ಲಾ ಸಿದ್ದ."

ಅತ್ತೆ ನಮ್ಮ ಹಿಂದೆಯೇ ನಿಂತಿದ್ದರು. ಅಪ್ಪ ಮುಷ್ಟಿ ಮುಚ್ಚಿಕೊಂಡರು. ಅತ್ತೆ ಮಂಚ ಹಿಡಿದು ಮೆಲ್ಲಗೆ ಅವರ ಪಕ್ಕ ಕೂತು, ಮುಷ್ಟಿ ಬಿಡಿಸಿ, ಮಿಕ್ಕ ಬೀಜಗಳನ್ನು ತಾವೇ ನೆಟ್ಟು ಮಣ್ಣೆಳೆದರು. ಆಟೊದವನಿಗೆ ಬರಬೇಡವೆಂದು ಫೋನ್ ಮಾಡಿದ್ದು ಅಪ್ಪ.

ಈಗ ಆ ಮಂಚದ ಮೇಲೆ ಪಡವಲ ಹಬ್ಬಿದೆ; ಎರಡನೆಯ ಸಲದ ವಾರ್ನಿಷ್ ಬಳಿಯಲು ಶೈಲಜ ಇನ್ನೂ ಬಿಟ್ಟಿಲ್ಲ. ಅತ್ತೆ ನಡುವೆ ಹುಳಿಯಾರಿಗೆ ಹೋಗುತ್ತಾರೆ, ಹೂ ಬಿಡುವ ಹೊತ್ತಿಗೆ ಬಂದುಬಿಡುತ್ತಾರೆ. ಇವತ್ತು ಬೆಳಿಗ್ಗೆ ಕಾಯಿ ಡೊಂಕಾಗದಿರಲೆಂದು ಅಪ್ಪ ಅದರ ತುದಿಗೆ ಕಲ್ಲು ಕಟ್ಟುತ್ತಿದ್ದರು. "ಭಾರ ಆಯ್ತು ಕಣ್ಲಾ." "ಆಗಲ್ಲ ಕಣಕ್ಕ." "ಕಿತ್ಕೊಂಡು ಬೀಳ್ತದೆ ನೋಡ್ತಿರು." ಯಾರು ಗೆಲ್ಲುತ್ತಾರೋ ನೋಡೋಣವೆಂದು ಚಪ್ಪಲಿ ಮೆಟ್ಟಿಕೊಂಡು ಅಲ್ಲೇ ನಿಂತೆ. ಕಾಯಿ ಬೀಳಲಿಲ್ಲ, ಜಗಳ ಮುಗಿಯಲಿಲ್ಲ, ನನಗೆ ಸ್ಕೂಲಿಗೆ ತಡವಾಯಿತು.